ಪುರಿ ಭಟ್ಟಿಯ ಬೆಟ್ಟಮ್ಮ ಎರಡು ಸಲ ಕಲಿತದ್ದು

ಇನ್ನೂ ಬೆಳಕು ಹರಿದಿಲ್ಲ. ಪಾಂಡವಪುರದ ಅಂಚಿನ ಹೆಂಚಿನ ಕೊಟ್ಟಿಗೆಯೊಂದರಲ್ಲಿ ಒಲೆ ಉರಿಯುತ್ತಿದೆ. ಕಬ್ಬಿಣದ ಬಾಣಲೆಯಲ್ಲಿ ಕಾದ ಮರಳಿಗೆ ಬೆಟ್ಟಮ್ಮ ಒಂದು ಬೊಗಸೆ ಅಕ್ಕಿ ಸುರಿದು, ಕಡ್ಡಿಗಳ ಕಟ್ಟಿನಿಂದ ಸರಸರ ಆಡಿಸುತ್ತಾರೆ. ನೋಡನೋಡುತ್ತಲೇ ಅಕ್ಕಿ ಪಟಪಟನೆ ಸಿಡಿದು ಬಾಣಲೆ ಬೆಳ್ಳಗಾಗುತ್ತದೆ. ಗಂಡ ಮುದ್ದಯ್ಯ ಅದನ್ನು ಜರಡಿಗೆ ಎತ್ತಿ ಹಾಕುತ್ತಾರೆ.

ಕೆ.ಆರ್. ಪೇಟೆ, ನಾಗಮಂಗಲದ ಸಂತೆಗಳಲ್ಲಿ ಪುರಿ ಕೊಂಡವರಿಗೆ ಈ ಹೆಂಗಸಿನ ಮುಖ ಗೊತ್ತು, ಹೆಸರು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಸಂತೆ ಮುಗಿದು ಎಲ್ಲರೂ ಬಸ್ಸಿಗೆ ಓಡುವಾಗ ಈಕೆ ಮಾತ್ರ ಅಕ್ಕಿ ಮಂಡಿಯ ಕಡೆ ನಡೆಯುವುದನ್ನು ಎರಡು ಮೂರು ಸಲ ಕಂಡಿದ್ದೆ. ಊರಲ್ಲೇ ಮಂಡಿಗಳಿರುವಾಗ ಇಲ್ಲೇಕೆ? ಆ ಕುತೂಹಲವೇ ನನ್ನನ್ನು ಭಟ್ಟಿಯವರೆಗೆ ಕರೆತಂದಿದೆ.

'ದುಡ್ಡು ಮನೆಗೆ ಓಗ್ಬಾರ್ದು ಸ್ವಾಮಿ, ಅದ್ಕೆ' ಎನ್ನುತ್ತಾರೆ ಬೆಟ್ಟಮ್ಮ. 'ಮನೆಗೆ ಓದ್ರೆ ಅದಕ್ಕೆ ನೂರು ದಾರಿ ಸಿಕ್ತದೆ.'

ಅದನ್ನು ಅವರು ಕಲಿತದ್ದು ಐದು ವರ್ಷದ ಹಿಂದೆ, 1992ರ ಆಯುಧಪೂಜೆಯಲ್ಲಿ. ಅಂಗಡಿ, ಗ್ಯಾರೇಜು, ಗಿರಣಿ ಎಲ್ಲರಿಗೂ ಪುರಿ ಬೇಕಿತ್ತು. ಗಂಡ ಹೆಂಡತಿ ವಾರವಿಡೀ ಹುರಿದರು. ಸೀರೆಯ ಗಂಟು ಬಿಚ್ಚಿದರೆ ಅಷ್ಟೊಂದು ನೋಟುಗಳನ್ನು ಅವರು ಅದುವರೆಗೆ ಒಟ್ಟಿಗೆ ಕಂಡಿರಲಿಲ್ಲ. ಮಾರನೇ ದಿನವೇ ಮೈಸೂರಿಗೆ ಹೋಗಿ ಕಪ್ಪುಬಿಳುಪಿನ ಟಿವಿ ತಂದರು.

'ಎಲ್ಲಾ ನಂದೇ ಅನ್ಕಂಬುಟ್ಟೆ. ಅದ್ರಲ್ಲಿ ಅಕ್ಕಿದೂ ಇತ್ತು, ಸೌದೆದೂ ಇತ್ತು, ಬಸ್ ಚಾರ್ಜೂ ಇತ್ತು. ನಂಗೆ ಅಂತ ಉಳಿಯೋದು ಎಷ್ಟು ಅಂತ ನೋಡ್ನೇ ಇಲ್ಲ.'

ಮುಂದಿನ ವಾರ ಅಕ್ಕಿ ತರಲು ಕಾಸಿರಲಿಲ್ಲ. ಊರಿನ ವ್ಯಾಪಾರಿಯೊಬ್ಬರು ಸಾಲಕ್ಕೆ ಕೊಟ್ಟರು, ಆದರೆ ಅವರು ಕೊಟ್ಟದ್ದನ್ನೇ ಒಯ್ಯಬೇಕಿತ್ತು. ನುಚ್ಚೇ ಹೆಚ್ಚಿದ್ದ ಆ ಅಕ್ಕಿ ಅರಳಲಿಲ್ಲ, ಕರಿಕಾಯಿತು. ಗಿರಾಕಿಗಳು ಬೇರೆ ಕಡೆ ತಿರುಗಿದರು. ಟಿವಿಯನ್ನು ಅರ್ಧ ಬೆಲೆಗೆ ಮಾರಿ ಸಾಲ ತೀರಿಸುವಷ್ಟರಲ್ಲಿ ಒಲೆ ಆರಿತ್ತು. ಆ ಬೇಸಿಗೆಯ ಬೆಳೆಗೆ ಬೆಟ್ಟಮ್ಮ ಬೇರೆಯವರ ಗದ್ದೆಯಲ್ಲಿ ನಾಟಿ ಕೂಲಿಗೆ ಹೋದರು.

'ಗದ್ದೇಲಿ ಬಗ್ಗಿರೋವಾಗ ಯಾರಾದ್ರೂ "ಏನಮ್ಮ, ಭಟ್ಟಿ ಇಲ್ವಾ" ಅಂತ ಕೇಳೋರು. ತಲೆ ಎತ್ತುತಾ ಇರ್ಲಿಲ್ಲ.'

ಕೂಲಿ ಕಾಸಿನಲ್ಲಿ ಒಂದು ಮೂಟೆ ಅಕ್ಕಿ ತಂದು ಮತ್ತೆ ಒಲೆ ಹಚ್ಚಿದರು. ಅಂದಿನಿಂದ ಒಂದೇ ಕಟ್ಟಳೆ: ಮುಂದಿನ ವಾರದ ಅಕ್ಕಿ ಮೂಟೆ ಬಸ್ಸಿನ ಟಾಪು ಹತ್ತಿದ ಮೇಲೇ ಬೆಟ್ಟಮ್ಮ ಒಳಗೆ ಹತ್ತುವುದು. ಸೆರಗಿನಲ್ಲಿ ಉಳಿದದ್ದು ಮಾತ್ರ ಮನೆಯದು.

ಕಥೆ ಇಲ್ಲಿಗೇ ಮುಗಿಯಿತೆಂದುಕೊಂಡೆ. ಮುದ್ದಯ್ಯ ಜರಡಿ ಪಕ್ಕಕ್ಕಿಟ್ಟು ನಗುತ್ತಾರೆ. 'ಆಮ್ಯಾಕೆ ಇನ್ನೊಂದು ತಪ್ಪು ಮಾಡುದ್ಲು, ಅದ್ನೂ ಏಳಮ್ಮಿ.'

ಬೆಟ್ಟಮ್ಮ ಒಲೆಗೆ ಸೌದೆ ತಳ್ಳಿ ಹೇಳುತ್ತಾರೆ. ಟಿವಿ ಕೊಂಡು ಕೈ ಸುಟ್ಟುಕೊಂಡ ಮೇಲೆ ಅವರು ಒಂದು ಪೈಸೆ ಬಿಚ್ಚಲೂ ಹೆದರಿದ್ದರಂತೆ. ಬಾಣಲೆಯ ಅಂಚು ಬಿರುಕು ಬಿಟ್ಟಿತ್ತು. ಹೊಸದು ತರೋಣವೆಂದು ಗಂಡ ಎಷ್ಟೋ ಸಲ ಹೇಳಿದರು. ಇನ್ನೊಂದು ವಾರ ತಡೆಯುತ್ತದೆ ಎಂದೇ ಈಕೆ ತಳ್ಳಿದರು. ಒಂದು ಬೆಳಿಗ್ಗೆ ಅಂಚು ಮುರಿದು, ಕಾದ ಮರಳು ಮುದ್ದಯ್ಯನ ಪಾದದ ಮೇಲೆ ಬಿತ್ತು.

'ಆಸ್ಪತ್ರೆಗೆ ಸುರಿದ ಕಾಸಲ್ಲಿ ಎರಡು ಬಾಣಲಿ ಬರ್ತಿದ್ವು. ಕಾಸು ಓದ್ರೆ ಓಗ್ಲಿ ಸ್ವಾಮಿ, ಇವ್ರು ಮೂರು ತಿಂಗ್ಳು ಕುಂಟುದ್ರು. ಕಾಸು ಸಡ್ಲ ಬುಟ್ರೂ ತಪ್ಪು, ಬಿಗಿ ಇಡುದ್ರೂ ತಪ್ಪು. ಯಾವುದಕ್ಕೆ ಅಂತ ತಿಳ್ಕಂಡು ಬುಡ್ಬೇಕು.'

ಈಗ ಅಕ್ಕಿಯ ಪಾಲು ತೆಗೆದ ಮೇಲೆ ಬಾಣಲೆ, ಜರಡಿಗೆಂದು ಇನ್ನೊಂದು ಪಾಲು ಅಂಚೆ ಕಚೇರಿಗೆ ಹೋಗುತ್ತದೆ. ಅದನ್ನು ಕಟ್ಟಿ ಬರುವವರು ಮುದ್ದಯ್ಯ. ಏನು ಕೊಳ್ಳಬೇಕಾದರೂ ಇಬ್ಬರೂ ಕೂತು ಮಾತಾಡುತ್ತಾರೆ.

ಬಿಸಿಲೇರಿದೆ. ಮೂಟೆಗಳು ಬಾಗಿಲ ಬಳಿ ಸಾಲಾಗಿ ನಿಂತಿವೆ. ಮುಂದೆ ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಬೆಟ್ಟಮ್ಮ ಮುಖದ ಮಸಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

'ಒಂದು ದಿನ ಒಲೆ ಅಚ್ಚದೆ ಇವ್ರನ್ನ ಕರ್ಕಂಡು ತೊಣ್ಣೂರು ಕೆರೆಗೆ ಓಗ್ಬೇಕು. ಏರಿ ಮ್ಯಾಲೆ ಕುಂತ್ಕಂಡು, ಬ್ಯಾರೆಯವ್ರು ಉರ್ದಿರೋ ಪುರೀನ ಕಾಸು ಕೊಟ್ಟು ತಿನ್ಬೇಕು.'