ವಿಮಾನ ನಿಲ್ದಾಣದಲ್ಲಿ ಹೇಳಿದ ಒಡಪು

ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಧಾರವಾಡದ ಬಸ್ ನಿಲ್ದಾಣದಲ್ಲಿದ್ದೆವು. ದಿಲ್ಲಿಯಲ್ಲಿದ್ದ ಮಗಳು ವಿಜಯಾಳಿಗೆ ಮರುದಿನ ಎಂಟು ಗಂಟೆಗೆ ಆಪರೇಷನ್ ಮಾಡಿಯೇ ಹೆರಿಗೆ ಮಾಡಿಸಬೇಕೆಂದು ಡಾಕ್ಟರು ಹೇಳಿಬಿಟ್ಟಿದ್ದರು. ರೈಲಿಗೆ ಎರಡು ರಾತ್ರಿ ಬೇಕು. ಅದಕ್ಕೇ ವಿಮಾನ. ಹುಬ್ಬಳ್ಳಿಯ ಏಜೆಂಟರು ಹುಡುಕಿಕೊಟ್ಟ ಅಗ್ಗದ ಟಿಕೆಟ್ಟು ಘಟ್ಟದ ಕೆಳಗೆ ಸಮುದ್ರದ ದಂಡೆಯ ಊರಿನಿಂದ ಮಧ್ಯಾಹ್ನ ಮೂರಕ್ಕೆ ಹೊರಡುವುದಿತ್ತು. ಚೀಲದಲ್ಲಿ ಬಾಣಂತಿಗೆ ಅಂಟಿನ ಉಂಡಿಯ ಡಬ್ಬಿ, ಕೂಸಿನ ತಲೆಗೆ ಕುಂಚಿಗೆ, ನನ್ನ ಹಳೆಯ ಸೀರೆಗಳಿಂದ ಹೊಲಿದ ಪುಟ್ಟ ಕೌದಿ.

ನಮ್ಮ ಮನೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಧಾರವಾಡದ ಸಪ್ತಾಪುರದ ನಮ್ಮ ಮನೆಯಿಂದ ವಾರಕ್ಕೊಂದಾದರೂ ಪತ್ರ ಪತ್ರಿಕೆಗೆ ಹೋಗುತ್ತಿತ್ತು. ರಸ್ತೆ ಕೆಟ್ಟರೂ ಪತ್ರ, ಮಂತ್ರಿ ಕೆಟ್ಟರೂ ಪತ್ರ. ಆ ಬೇಸಿಗೆಯಲ್ಲಿ, ವಿಚಾರಣೆ ಇಲ್ಲದೆ ಜನರನ್ನು ಜೈಲಿನಲ್ಲಿಡುವ ಕಾನೂನಿನ ವಿರುದ್ಧ ಒಂದು ಸಭೆಯಲ್ಲಿ ಮಾತನಾಡಿ ಬಂದಿದ್ದರು. ಹಿಂದಿನ ಸಾಲಿನಲ್ಲಿ ಸಾದಾ ಬಟ್ಟೆಯ ಪೊಲೀಸನೊಬ್ಬ ಮಾತನಾಡಿದವರ ಹೆಸರು ಬರೆದುಕೊಂಡನಂತೆ. ಅವರು ಅದನ್ನು ನಗುತ್ತ ಹೇಳಿದರು. ನನಗೆ ಅಂದಿನಿಂದ ಬಾಗಿಲು ಸಪ್ಪಳವಾದರೆ ಎದೆ ಝಲ್ಲೆನ್ನುತ್ತಿತ್ತು.

ಬಸ್ಸಿನ ದರ ತಲೆಗೆ ತೊಂಬತ್ತು ರೂಪಾಯಿ. ಅಳ್ನಾವರ ದಾಟುವಾಗ ಜಿಟಿಜಿಟಿ ಇದ್ದ ಮಳೆ ಲೋಂಡಾ ದಾಟುತ್ತಲೇ ಜೋರಾಯಿತು. ಅನಮೋಡ ಘಟ್ಟದಲ್ಲಿ ಲಾರಿಯೊಂದು ಕೆಟ್ಟು ನಿಂತು ಒಂದು ತಾಸು ಹೋಯಿತು. ಕೈಯಲ್ಲಿ ಕರಡಿಗೆ ಹಿಡಿದು ಕುಳಿತೆ. ಕರಡಿಗೆ ಎಂದರೆ ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಬೆಳ್ಳಿ ಡಬ್ಬಿ.

"ಎಷ್ಟರೇ ಅಂಜತಿ ನೀ? ಡ್ರೈವರ್‌ಗ ದಾರಿ ಗೊತ್ತೈತಿ," ಅಂದರು ಮನೆಯವರು.

"ಡ್ರೈವರ್‌ಗಲ್ರಿ, ನಿಮಗ ಅಂಜತೇನಿ. ಅಲ್ಲಿ ಹೋಗಿ ಯಾರ ಕೂಡನೂ ರಾಜಕಾರಣ ಮಾತಾಡಬ್ಯಾಡ್ರಿ."

"ವಿಮಾನದಾಗ ಪೇಪರ್ ಓದಾಕರೇ ಬಿಡ್ತೀಯೋ ಇಲ್ಲೋ?"

ಒಂದೂವರೆಗೆ ವಿಮಾನ ನಿಲ್ದಾಣ ಮುಟ್ಟಿದೆವು. ಹೊತ್ತು ಮೀರಿರಲಿಲ್ಲ, ಅದೊಂದು ಶಿವನ ಕೃಪೆ. ಸ್ವಾತಂತ್ರ್ಯ ದಿನ ಹತ್ತಿರವಿದ್ದುದರಿಂದ ಎಲ್ಲೆಲ್ಲೂ ಬಂದೂಕಿನವರು. ಕೌಂಟರಿನ ಹುಡುಗಿ ನಮ್ಮ ಟಿಕೆಟ್ಟು ನೋಡಿದಳು, ಪಕ್ಕದ ಕಾಗದ ನೋಡಿದಳು, ಮತ್ತೆ ಟಿಕೆಟ್ಟು ನೋಡಿದಳು. ಆಮೇಲೆ ಫೋನು ಎತ್ತಿದಳು. ಅಧಿಕಾರಿಯೊಬ್ಬರು ಬಂದು, "ಎಸ್. ಬಿ. ಪಾಟೀಲ, ಧಾರವಾಡ?" ಎಂದು ಕೇಳಿ, ಇವರನ್ನು ಗಾಜಿನ ಕೋಣೆಗೆ ಕರೆದೊಯ್ದರು. ಹೋಗುವ ಮುಂಚೆ ಮನೆಯವರು ನನ್ನ ಕಡೆ ತಿರುಗಿ, "ನಿಗಾ ಇಡಬೇಕಾದವರ ಪಟ್ಟಿಯೊಳಗ ಈ ಹೆಸರು ಐತಂತ. ಧಾರವಾಡದಾಗ ಒಂದು ಕಲ್ಲು ಒಗದ್ರ ಯಾವರೇ ಎಸ್. ಬಿ. ಪಾಟೀಲಗ ಬೀಳತೈತಿ. ಸುಮ್ನ ಕೂಡು," ಅಂದರು.

ಟಿಕೆಟ್ಟಿನಲ್ಲಿದ್ದುದು ಎಸ್. ಬಿ. ಪಾಟೀಲ. ಕಾಲೇಜಿನ ಗುರುತಿನ ಚೀಟಿಯಲ್ಲೂ ಅದೇ. ಪೂರ್ತಿ ಹೆಸರಿದ್ದ ಮತದಾರರ ಚೀಟಿ ಮನೆಯ ಕಪಾಟಿನಲ್ಲೇ ಉಳಿದಿತ್ತು. ನಮ್ಮ ಕಡೆ ಎಲ್ಲರೂ ಹೀಗೆ ಎರಡಕ್ಷರ ಹಾಕಿ ಅಡ್ಡಹೆಸರು ಬರೆದು ಮುಗಿಸುವವರೇ. ಎರಡೂಕಾಲಾಯಿತು. ಅವರನ್ನು ಬಿಟ್ಟು ನಾನೊಬ್ಬಳೇ ಹೋಗಲೇ? ಮಗಳನ್ನು ಬಿಟ್ಟು ಇಲ್ಲೇ ಉಳಿಯಲೇ? ಕರಡಿಗೆ ಎದೆಗೊತ್ತಿ ಹರಕೆ ಹೊತ್ತುಬಿಟ್ಟೆ: "ಶಿವನೇ, ಇವರನ್ನು ಬಿಡಿಸು. ಇನ್ನು ಮೇಲೆ ಸರ್ಕಾರದ ವಿರುದ್ಧ ಒಂದಕ್ಷರ ಬರೆಯದ ಹಾಗೆ ನಾನು ನೋಡಿಕೊಳ್ಳುತ್ತೇನೆ."

ಅಷ್ಟರಲ್ಲಿ ಕೋಣೆಯಿಂದ ಮಹಿಳಾ ಪೊಲೀಸೊಬ್ಬಳು ಬಂದು ನನ್ನೆದುರು ಕುಳಿತಳು. ಮರಾಠಿಯವಳು. ನನ್ನ ತವರು ನಿಪ್ಪಾಣಿ ಕಡೆಯದು, ಅವಳ ಮಾತು ನನಗೆ ತಿಳಿಯುತ್ತದೆ. "ಗಂಡನ ಪೂರ್ತಿ ಹೆಸರೇನು?" ಎಂದು ಕೇಳಿದಳು. ಇವರು ಒಳಗೆ ಹೇಳಿದ್ದಕ್ಕೂ ನಾನು ಹೇಳುವುದಕ್ಕೂ ತಾಳೆ ಹಾಕುವವರಿದ್ದರು.

ಮದುವೆಯಾಗಿ ಮೂವತ್ತೊಂದು ವರ್ಷ, ಆ ಹೆಸರನ್ನು ನಾನು ಒಮ್ಮೆಯೂ ಹಾಗೇ ಬರಿದಾಗಿ ಉಚ್ಚರಿಸಿದವಳಲ್ಲ. "ಅವರನ್ನೇ ಕೇಳ್ರಿ," ಅಂದೆ. ಅವಳ ಹುಬ್ಬು ಗಂಟಾಯಿತು. "ಗಂಡನ ಹೆಸರು ಗೊತ್ತಿಲ್ಲವೇ?" ಎಂದು ದನಿ ಏರಿಸಿದಳು. ಒಳಗಿನ ಅಧಿಕಾರಿ ಗಾಜಿನಾಚೆಯಿಂದ ನಮ್ಮನ್ನೇ ನೋಡುತ್ತಿದ್ದರು. ನಾನು ಸುಮ್ಮನಿದ್ದಷ್ಟೂ ಇವರ ಮೇಲೆ ಸಂಶಯ ಬಲಿಯುತ್ತಿತ್ತು. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ, ಮದುವೆಯ ದಿನ ಹೊಸ್ತಿಲ ಮೇಲೆ ನಿಂತು ಹೇಳಿದ್ದ ಒಡಪನ್ನೇ ಹೇಳಿದೆ.

"ಬೆಳ್ಳಿ ಬಟ್ಟಲದಾಗ ಬಿಲ್ವಪತ್ರಿ ಶಿವಗ ಏರಸ್ತೀನಿ,
ಹೆಬ್ಬಳ್ಳಿ ಬಸಪ್ಪನವರ ಮಗ ಶಂಕರಪ್ಪನವರ ಹೆಸರ ಹೇಳ್ತೀನಿ."

ಪೊಲೀಸಿನವಳು ಬಾಯಿ ತೆರೆದು ನೋಡಿದಳು. "ಅರೇ, ಹಾ ತರ ಉಖಾಣಾ!" ಎಂದಳು. ಅವರ ಉಖಾಣಾ ಎಂದರೆ ನಮ್ಮ ಒಡಪೇ, ಅವರಲ್ಲೂ ಮದುಮಗಳು ಗಂಡನ ಹೆಸರನ್ನು ಹೀಗೆ ಪ್ರಾಸದಲ್ಲೇ ಇಟ್ಟು ಹೇಳುವ ಪದ್ಧತಿ. ಮತ್ತೊಮ್ಮೆ ನಿಧಾನವಾಗಿ ಹೇಳಿಸಿ, ತಂದೆ ಹೆಸರು, ಊರು, ಇವರ ಹೆಸರು ಬರೆದುಕೊಂಡು ಒಳಗೆ ಹೋದಳು. ಹತ್ತು ನಿಮಿಷಕ್ಕೆ ಮನೆಯವರು ಹೊರಗೆ ಬಂದರು. ಪಟ್ಟಿಯಲ್ಲಿದ್ದ ಎಸ್. ಬಿ. ಪಾಟೀಲ ಬೇರೆ ಯಾರೋ, ಪೂರ್ತಿ ಹೆಸರೇ ಬೇರೆ. ಅವನು ಏನು ಮಾಡಿದ್ದ, ಎಲ್ಲಿ ಮಾತನಾಡಿದ್ದ ಎಂದು ಯಾರೂ ಹೇಳಲಿಲ್ಲ. "ಹೆಸರು ಪಟ್ಟಿಯಲ್ಲಿ ಇರುತ್ತದೆ, ಬರುವಾಗಲೂ ಕೇಳಬಹುದು," ಎಂದರು ಅಧಿಕಾರಿ. ಬಾಗಿಲು ಹಾಕುವ ಮುಂಚೆ ಓಡಿ ವಿಮಾನ ಹತ್ತಿದೆವು.

ಮರುದಿನ ಎಂಟೂವರೆಗೆ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಛಲೋ ಇದ್ದರು. ಕೌದಿಗೆ ಮೊದಲ ದಿನವೇ ಕೆಲಸ ಸಿಕ್ಕಿತು.

ದಿಲ್ಲಿಯಲ್ಲಿ ಎರಡು ತಿಂಗಳಿದ್ದೆವು. ನಾನು ಹರಕೆಯ ಸುದ್ದಿಯನ್ನೇ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಮನೆಯವರು ತಾವಾಗಿಯೇ ಪೆನ್ನು ಮುಟ್ಟಲಿಲ್ಲ. ಪೇಪರ್ ಓದಿ ಮಡಚಿ ಇಡುವರು, ಅಷ್ಟೇ. ಅಳಿಯ ರಾಜಕಾರಣದ ಮಾತು ತೆಗೆದರೂ ತುಸು ನಕ್ಕು ಎದ್ದು ಹೋಗುವರು. ಅವರ ಪತ್ರಗಳಿಗಿಂತ ಈ ಮೌನಕ್ಕೆ ನನಗೆ ಹೆಚ್ಚು ಹೆದರಿಕೆಯಾಗತೊಡಗಿತು. ಒಂದು ದಿನ ಪೂಜೆಗೆ ಕುಳಿತಾಗ ಹೊಳೆಯಿತು: ಹರಕೆ ಹೊತ್ತವಳು ನಾನು, ಒಪ್ಪಿಸಿದ್ದು ಅವರ ಮಾತನ್ನು. ನನ್ನದಲ್ಲದ್ದನ್ನು ಶಿವನಿಗೆ ಕೊಡಲು ನಾನ್ಯಾರು? ತಪ್ಪೊಪ್ಪಿಕೊಂಡು, ಅದರ ಬದಲು ಸೋಮವಾರದ ಚಹಾ ಬಿಟ್ಟೆ. ಚಹಾ ನನ್ನದೇ.

ಬರುವಾಗ ವಿಮಾನ ಬೇಡವೆಂದು ರೈಲಿಗೇ ಬಂದೆವು. ಎರಡನೆಯ ಬೆಳಗು ಬೆಳಗಾವಿ ದಾಟಿದ ಮೇಲೆ ನಾನು ಚೀಲದಿಂದ ಕಾಗದ, ಲಕೋಟೆ ತೆಗೆದು ಅವರ ತೊಡೆಯ ಮೇಲಿಟ್ಟೆ.

"ಏನಿದು?"

"ಆ ಪಟ್ಟಿ ಬಗ್ಗೆ ಬರೀರಿ. ಕಾರಣ ಹೇಳದೆ ಮಂದಿನ್ನ ಹಿಡದು ಕೂಡ್ರಸೂದು ಸರಿಯೋ ತಪ್ಪೋ ಅಂತ ಕೇಳ್ರಿ."

ಅವರು ಲಕೋಟೆ ಕೈಗೆತ್ತಿಕೊಂಡರು. "ಆವಾಗ ಪಟ್ಟಿಯೊಳಗಿನವ್ರು ನಾವಲ್ಲ ಅಂತ ಬಿಟ್ರು. ಇದನ್ನ ಬರದ್ರ ನಾವs ಆಗ್ತೇವಿ. ಅಂಜಿಕಿ ಇಲ್ಲೇನು ನಿನಗ?"

"ಐತ್ರಿ. ಕೈ ನೋಡ್ರಿ, ಹೆಂಗ ತಣ್ಣಗಾಗ್ಯಾವ."

ಅವರು ಬರೆಯತೊಡಗಿದರು. ಲೋಂಡಾದಲ್ಲಿ ಇಳಿದು ಧಾರವಾಡದ ರೈಲಿಗೆ ಕಾಯುವಾಗ, ಬೆಂಚಿನ ಮೇಲೆ ಪತ್ರ ಮುಗಿಯಿತು. ಕೆಳಗೆ ಎಂದಿನಂತೆ ಎಸ್ ಬರೆದು ಚುಕ್ಕೆ ಇಡುವವರಿದ್ದರು. ನಾನು ಕೈ ಹಿಡಿದೆ.

"ಎರಡಕ್ಷರ ಬ್ಯಾಡ್ರಿ. ನಿಮ್ಮ ಮಾತು ಇನ್ನೊಬ್ಬ ಎಸ್. ಬಿ. ಪಾಟೀಲನ ತಲಿಗೆ ಬರಬಾರದು. ಪೂರ್ತಿ ಬರೀರಿ."

"ಏನಂತ ಬರೀಲಿ? ನೀನs ಹೇಳು," ಎಂದರು. ಎರಡು ತಿಂಗಳ ಮೇಲೆ ಅವರ ಕಣ್ಣಲ್ಲಿ ಮೊದಲಿನ ಕಿಡಿಗೇಡಿತನ ಕಂಡಿತು.

ಬೆಂಚಿನ ಮೇಲೆ ಇನ್ನಿಬ್ಬರು ಕುಳಿತಿದ್ದರು. ನಾನು ಸೆರಗು ಸರಿಮಾಡಿಕೊಂಡು, ಒಡಪಿಲ್ಲದೆ, ಒಂದೊಂದೇ ಹೇಳಿದೆ. "ಶಂಕರಪ್ಪ. ಬಸಪ್ಪ. ಪಾಟೀಲ. ಹೆಬ್ಬಳ್ಳಿ."