ಬುಡದಿಂದ ಒಂದು ಗೇಣು

ನಮ್ಮ ಭಾವನಿಗೆ ಮರದ ವಿಷಯದಲ್ಲಿ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಸಾಮಿಲ್ಲಿನಲ್ಲಿ ಗರಗಸದ ಮುಂದೆ ನಿಂತವರು. ದಿಮ್ಮಿಯನ್ನು ತಟ್ಟಿಯೇ ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತಿದ್ದರು. ಆದರೆ ಅವರ ಕೈಗೆ ಬಂದದ್ದೆಲ್ಲ ಸತ್ತ ಮರ. ಬದುಕಿರುವ ಮರದ ಬಗ್ಗೆ ಅವರಿಗೆ ನನ್ನಷ್ಟೂ ಗೊತ್ತಿರಲಿಲ್ಲ, ನನಗೋ ಏನೂ ಗೊತ್ತಿಲ್ಲ.

ಹಿತ್ತಿಲ ನಿಂಬೆಗಿಡ ಅಕ್ಕ ನೆಟ್ಟದ್ದು. ಹೋದ ವರ್ಷ ಪಾರ್ಶ್ವವಾಯು ಬಡಿದು ಅವಳ ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಂಚ ಹಿತ್ತಿಲ ಕಡೆಯ ಕಿಟಕಿಯ ಪಕ್ಕಕ್ಕೆ ಬಂತು. ಬೆಳಿಗ್ಗೆ ಎದ್ದರೆ ಅವಳು ಕೇಳುತ್ತಿದ್ದದ್ದು ಒಂದೇ, "ಗಿಡ ಹೇಗಿದೆ?" ಡಾಕ್ಟರು ದಿನಾ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ಎಂದಿದ್ದರು. ಭಾವ ಕೇಳಬೇಕಲ್ಲ! ಬಿದ್ದರೆ ಎಂಬ ಭಯ. ಚಮಚ ಎತ್ತಲೂ ಬಿಡಲಿಲ್ಲ. ಗಾಳಿ ತಗುಲೀತೆಂದು ಕಿಟಕಿ ಮುಚ್ಚಿ, ಕುತ್ತಿಗೆಯವರೆಗೆ ಎರಡೆರಡು ಕಂಬಳಿ ಹೊದಿಸಿದರು. ಅಕ್ಕ ದಿನೇ ದಿನೇ ಸೊರಗಿದಳು. ಗಿಡ ಉಳಿದರೆ ಇವಳೂ ಉಳಿಯುತ್ತಾಳೆ ಎಂದು ಭಾವ ಮನಸ್ಸಿನಲ್ಲೇ ನಂಬಿಬಿಟ್ಟಿದ್ದರು.

ಬೇಸಿಗೆಯಲ್ಲಿ ಮಿಲ್ಲಿನಿಂದ ಒಂದು ಚೀಲ ಮರದ ಚಕ್ಕೆ ತಂದು ಗಿಡದ ಸುತ್ತ ಹರಡಿದರು. ಒಳ್ಳೆಯದೇ ಆಯಿತು. ಮಣ್ಣು ಒಣಗಲಿಲ್ಲ, ಕಳೆ ಏಳಲಿಲ್ಲ, ಚಿಗುರು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಅವರು ನಮ್ಮ ಭಾವ ಹೇಗಾದಾರು? ವಾರಕ್ಕೆರಡು ಚೀಲ ಬರತೊಡಗಿತು. ಮಳೆ ಹಿಡಿಯುವ ಹೊತ್ತಿಗೆ ಗುಡ್ಡೆ ಕಾಂಡಕ್ಕೆ ಒರಗಿ ಮೊಣಕಾಲೆತ್ತರ ಬೆಳೆದಿತ್ತು.

"ಸಾಕು ಭಾವ, ಅತಿಯಾದರೆ ಅಮೃತವೂ ವಿಷ" ಎಂದೆ.

"ಸುಮ್ಮನಿರು. ಮರಕ್ಕೆ ಮರ ಯಾವತ್ತಾದರೂ ಕೆಟ್ಟದ್ದು ಮಾಡುತ್ತಾ?"

ಮಳೆ ನಿಂತ ಮೇಲೆ ಎಲೆ ಹಳದಿಯಾಗಿ ಉದುರಿತು. ಭಾವ ಗಾಬರಿಯಾಗಿ ಇನ್ನೊಂದು ಚೀಲ ಸುರಿದರು. ನನಗೆ ತಡೆಯಲಾಗಲಿಲ್ಲ. ನಾನೇ ಹೋಗಿ ಸಸಿ ಮಾರುವವನನ್ನು ಕರೆತಂದೆ.

ಅವನು ಕೂತು ಚಕ್ಕೆ ಸರಿಸಿದ. ಒಳಗಿನದು ಕಪ್ಪಗೆ ಕೊಳೆತು ನಾರುತ್ತಿತ್ತು. ಕಾಂಡಕ್ಕೆ ಉಗುರು ತಾಗಿಸಿದರೆ ತೊಗಟೆ ಕಿತ್ತು ಬಂತು.

"ಚಕ್ಕೆ ಹಾಕಿದ್ದು ತಪ್ಪಲ್ಲ ಯಜಮಾನ್ರೇ. ಬುಡದಿಂದ ಒಂದು ಗೇಣು ಬಿಟ್ಟು ಹಾಕಬೇಕಿತ್ತು. ಇದಕ್ಕೆ ಉಸಿರಾಡೋಕೇ ಬಿಟ್ಟಿಲ್ಲ ನೀವು."

"ಬದುಕುತ್ತಾ?" ಎಂದರು ಭಾವ.

"ಸುತ್ತಲೂ ತೊಗಟೆ ಹೋಗಿದ್ರೆ ಇಲ್ಲ."

ಭಾವ ಕೆಸರಿನಲ್ಲೇ ಮೊಣಕಾಲೂರಿದರು. ಎರಡೂ ಕೈಯಿಂದ ಬಾಚಿ ಬಾಚಿ ಚಕ್ಕೆ ಎಸೆದರು. ಕಾಂಡದ ಸುತ್ತ ಹೆಬ್ಬೆರಳು ಒತ್ತುತ್ತಾ ಹೋದರು. ಮೆತ್ತಗೆ, ಮೆತ್ತಗೆ, ಎಲ್ಲ ಕಡೆ ಮೆತ್ತಗೆ. ಗಟ್ಟಿಯಾದದ್ದು ಎಲ್ಲೂ ಸಿಗಲಿಲ್ಲ. ದಿಮ್ಮಿ ತಟ್ಟಿ ಹೇಳುತ್ತಿದ್ದ ಮನುಷ್ಯನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರ ಮುಖ ನೋಡಿ ಅಷ್ಟು ದಿನದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಒಳಗೆ ಹೋದಾಗ ಅಕ್ಕ ಕಿಟಕಿಯ ಗಾಜಿನಿಂದ ಎಲ್ಲ ನೋಡಿಯಾಗಿತ್ತು. ಭಾವ ಕೆಸರುಗೈಯಲ್ಲೇ ಮಂಚದ ಹತ್ತಿರ ನಿಂತರು.

"ನಾನೇ ಕೊಂದೆ ಕಣೇ."

ಅಕ್ಕನ ಮಾತು ತೊದಲುತ್ತಿತ್ತು, ಆದರೂ ಸ್ಪಷ್ಟವಾಗಿತ್ತು. "ರೀ, ನನ್ನ ಮೇಲಿಂದೂ ತೆಗೀರಿ."

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದೊಂದಾಗಿ ಕಂಬಳಿ ಎಳೆದರು. ಅಕ್ಕನ ಕಾಲು ಒಣಕಡ್ಡಿಯಂತಾಗಿತ್ತು. ಭಾವ ಅದೇ ಹೆಬ್ಬೆರಳಿನಿಂದ ಅವಳ ಎಡ ಮೀನಖಂಡ ಒತ್ತಿದರು. ಇನ್ನಷ್ಟು ಒತ್ತಿದರು.

"ನೋಯುತ್ತೆ ರೀ" ಎಂದಳು ಅಕ್ಕ.

ಭಾವ ಅವಳ ಪಾದ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಹೋಗಿ ಕಿಟಕಿ ತೆಗೆದೆ.