ಕಟ್ಟಿದ ಮನೆ, ಕಟ್ಟು ಹಾಕಿದ ನಕ್ಷೆ

ಎಪ್ಪತ್ತರ ದಶಕದ ಕೊನೆಗೆ ನಾನು ರಾಯಚೂರಿನ ಆರ್ಕಿಟೆಕ್ಟರೊಬ್ಬರ ಕೈಕೆಳಗೆ ಮನೆಗಳ ನಕ್ಷೆ ಬರೆಯುತ್ತಿದ್ದೆ. ನಾನೂ ಆರ್ಕಿಟೆಕ್ಚರ್ ಓದಿದವನೇ, ಆದರೆ ಸಂಬಳವನ್ನು ಖಾನಾವಳಿಗೆ ಕೊಟ್ಟರೆ ಕೋಣೆಯ ಬಾಡಿಗೆಗೆ ಉಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಕಾಗದ ಹಾರುತ್ತಿತ್ತು, ಹಾಕದಿದ್ದರೆ ಬೆವರು ಬಿದ್ದು ಶಾಯಿ ಹರಡುತ್ತಿತ್ತು. ಹಣೆಗೆ ಟವೆಲ್ ಕಟ್ಟಿಕೊಂಡೇ ಕೂರುತ್ತಿದ್ದೆ.

ಮಾನ್ವಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯ ನಕ್ಷೆ ನನ್ನ ಪ್ರಾಣ ತಿಂದಿತು. ಅವರ ಅತ್ತಿಗೆ ಬಂದುಹೋದರೆ ಅಡುಗೆಮನೆ ಸರಿಯುತ್ತಿತ್ತು, ಬೀಗರು ಬಂದುಹೋದರೆ ಬಾಗಿಲು ತಿರುಗುತ್ತಿತ್ತು. ಪ್ರತಿ ಸಲವೂ ಮೊದಲಿನಿಂದ ಬರೆಯಬೇಕು. ತಡವಾದರೆ ನಮ್ಮ ಆರ್ಕಿಟೆಕ್ಟ್ ಸಾಹೇಬರು ನನ್ನ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು.

ಆ ಮನೆಯ ಗೃಹಪ್ರವೇಶಕ್ಕೆ ಸಾಹೇಬರು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ನಾನು ಮೆಟ್ಟಿಲು ಬರೆದ ಕಡೆ ಬಚ್ಚಲು, ಬಚ್ಚಲು ಬರೆದ ಕಡೆ ದೇವರಮನೆ. ನನ್ನ ನಕ್ಷೆ ಮಾತ್ರ ಗಾಜಿನ ಕಟ್ಟಿನೊಳಗೆ, ಕುಂಕುಮ ಹಚ್ಚಿಸಿಕೊಂಡು, ತೀರಿಹೋದ ಅಜ್ಜನ ಫೋಟೊದ ಪಕ್ಕ ಪಡಸಾಲೆಯ ಗೋಡೆಯ ಮೇಲಿತ್ತು.

“ನಕ್ಷಾದಂಗ ಕಟ್ಟಿಲ್ಲಲ್ರೀ ಯಜಮಾನ್ರ” ಎಂದೆ.

“ಇಷ್ಟು ಚಂದ ಬರದದ್ದು ಗೌಂಡಿ ಕೈಯಾಗ ಕೊಟ್ರ ಸಿಮೆಂಟ್ ಹತ್ತಿ ಹಾಳಾಕ್ಕಿತ್ತರೀ. ಅದಕ್ಕ ಬಂದ ದಿನಾನ ಕಟ್ಟು ಹಾಕಿಸೀನಿ. ಅಂವಗ ಬಾಯಿಲೆ ಹೇಳಿದ್ವಿ, ಕಟ್ಟಿದ” ಎಂದರು ವ್ಯಾಪಾರಿ.

ಆಮೇಲೆ ನನ್ನ ಕೈ ಹಿಡಿದು ಎದುರಿನ ಗೋಡೆಯ ಹತ್ತಿರ ಕರೆದೊಯ್ದರು.

“ಈ ಗ್ವಾಡಿ ಖಾಲಿ ಕಾಣಾಕತ್ತೈತಿ. ಮುಂದ ಒಂದು ಗೋದಾಮು ಕಟ್ಟಾಂವ ಅದೀನಿ. ಅದರದೂ ಒಂದು ಬರದು ಕೊಡ್ರಿ.”

ನಾನು ಚೀಲದಿಂದ ಟೇಪು ತೆಗೆದು ಆ ಗೋಡೆಯನ್ನು ಅಳೆದುಕೊಂಡೆ.